ನಲಿ-ಕಲಿ ಕೋಣೆಯಲ್ಲಿ ಇನ್ನೊಬ್ಬರು ಬೇಕು: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಮಾನ್ಯ ಸಚಿವರಿಗೆ ಹಾಗೂ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಕೋಣೆಯ ಸಹಾಯಕಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಹಾಡು, ಚಟುವಟಿಕೆಗಳಿಂದ ಕಲಿಯುವ ಕೋಣೆ ಅದು. ಇಲಾಖೆಯ ಯಾವ ಪಟ್ಟಿಯಲ್ಲೂ ನನ್ನ ಹೆಸರಿಲ್ಲ. ಶಾಲೆಯ ಹಳೇ ವಿದ್ಯಾರ್ಥಿಗಳು ಕೊಡುವ ಹಣವನ್ನು ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಕೂಡಿಸಿ ತಿಂಗಳ ಕೊನೆಗೆ ನನ್ನ ಕೈಗೆ ಕೊಡುತ್ತಾರೆ. ಡಿ.ಇಡಿ. ಮಾಡಿದ್ದೆ, ಮದುವೆಯಾದ ಮೇಲೆ ಹದಿನಾಲ್ಕು ವರ್ಷ ಮನೆಯಲ್ಲೇ ಇದ್ದೆ. ಎರಡೂವರೆ ವರ್ಷದ ಹಿಂದೆ, ಜುಲೈನಲ್ಲಿ, ಮುಖ್ಯ ಶಿಕ್ಷಕರು ಮನೆಗೇ ಬಂದು ಕರೆದರು. "ಒಬ್ಬ ಹುಡುಗ ಇದಾನೆ ಮೇಡಂ. ಅವನೊಬ್ಬನ್ನ ನೀವು ಹಿಡ್ಕೊಂಡಿದ್ರೆ ಉಳಿದ ಮೂವತ್ತು ಮಕ್ಕಳಿಗೆ ಪಾಠ ಆಗುತ್ತೆ" ಅಂದರು. ನನಗೆ ಹೇಳಿದ ಕೆಲಸ ಅಷ್ಟೇ, ಹಿಡಿದುಕೊಂಡಿರುವುದು.

ಆ ಹುಡುಗನ ಹೆಸರು ಬರೆಯುವುದಿಲ್ಲ. ಅವನ ಅಜ್ಜಿ ಕರೆಯುವ ಹಾಗೆ ಪುಟ್ಟ ಎನ್ನುತ್ತೇನೆ. ಆಗ ಒಂದನೇ ತರಗತಿ, ಈಗ ಮೂರನೆಯದು. ಅವನಿಗೆ ಎಡಿಎಚ್‌ಡಿ ಇದೆ ಎಂದು ಆಮೇಲೆ ಗೊತ್ತಾಯಿತು, ಅಂದರೆ ಗಮನ ನಿಲ್ಲಿಸುವುದು, ಸುಮ್ಮನೆ ಕೂರುವುದು, ಕೈ ತಡೆಯುವುದು ಕಷ್ಟವಾಗುವ ತೊಂದರೆ.

ಅವನು ಮಾಡುತ್ತಿದ್ದುದನ್ನು ಮುಚ್ಚಿಡದೆ ಹೇಳುತ್ತೇನೆ. 'ಸ್ವಲ್ಪ ಚೂಟಿ' ಎಂದು ಸವರಿಬಿಟ್ಟರೆ ಶಿಕ್ಷಕಿಯ ಕಷ್ಟವೂ ಕಾಣುವುದಿಲ್ಲ, ಮಗುವಿನ ಕಷ್ಟವೂ ಕಾಣುವುದಿಲ್ಲ. ಪಕ್ಕದವರ ಕಾರ್ಡು ಹರಿಯುತ್ತಿದ್ದ. ಹಾಲು ಕುಡಿಯಲು ಸಾಲು ನಿಂತರೆ ಹಿಂದಿನಿಂದ ನೂಕುತ್ತಿದ್ದ. ಮಿಸ್ ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಕೂಗಿ ಉತ್ತರ ಹೇಳುತ್ತಿದ್ದ, ಬಹಳ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಮಕ್ಕಳು ಬರೆದ ಚಿತ್ರಗಳನ್ನು ದಾರಕ್ಕೆ ಕಟ್ಟಿ ತಲೆ ಮೇಲೆ ಹಾಕಿದ್ದ ಚಪ್ಪರಕ್ಕೆ ಜಿಗಿದು ಜಿಗಿದು, ಒಂದು ಬೆಳಿಗ್ಗೆ ಇಡೀ ಚಪ್ಪರವನ್ನೇ ಕೆಳಗೆ ತಂದ. ಬಾಗಿಲು ತೆರೆದಿದ್ದರೆ ಗೇಟಿನ ಕಡೆ ಓಟ. ಗೇಟಿನ ಮುಂದೆಯೇ ರಸ್ತೆ, ಬಸ್ಸು, ತೆಂಗಿನಕಾಯಿ ಲಾರಿ. ನಮ್ಮ ಮಿಸ್ ಒಬ್ಬರೇ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನೆಲ್ಲ ನೋಡಿಕೊಳ್ಳಬೇಕು. ಒಬ್ಬನ ಹಿಂದೆ ಓಡಿದರೆ ಮೂವತ್ತು ಮಕ್ಕಳನ್ನು ಬಿಟ್ಟ ಹಾಗೆ.

ಮೊದಲ ಎರಡು ತಿಂಗಳು ನಾನು ಹೇಳಿದ ಕೆಲಸವನ್ನೇ ಮಾಡಿದೆ. ಅವನು ಯಾರಿಗಾದರೂ ಹೊಡೆದ ಕೂಡಲೇ ಕೈ ಹಿಡಿದು ಹೊರಗೆ, ಹೊಂಗೆ ಮರದ ಕೆಳಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಇರುವೆ ಸಾಲು ನೋಡುತ್ತಿದ್ದೆವು, ಕತೆ ಹೇಳುತ್ತಿದ್ದೆ. ಕೋಣೆ ತಣ್ಣಗಾಗುತ್ತಿತ್ತು. ಎಲ್ಲರೂ ನನ್ನನ್ನು ಹೊಗಳಿದರು. ಆದರೆ ಆಗಸ್ಟ್ ಕಳೆಯುವ ಹೊತ್ತಿಗೆ ಅವನು ಹೊಡೆಯುವುದು ಹೆಚ್ಚಾಗಿತ್ತು. ಒಂದು ದಿನ ಮಿಸ್ ಕೂಡುವ ಲೆಕ್ಕದ ಕಾರ್ಡು ಕೈಗೆ ಕೊಟ್ಟರು. ಪಕ್ಕದ ಹುಡುಗನ ಬೆನ್ನಿಗೆ ಒಂದು ಗುದ್ದಿದ. ಆ ಹುಡುಗ ಅಳಲು ಬಾಯಿ ತೆಗೆಯುವ ಮೊದಲೇ ಎದ್ದು ಬಂದು ನನ್ನ ಕೈ ಹಿಡಿದುಕೊಂಡ. "ಮಿಸ್, ಮರದ ಹತ್ರ ಹೋಗಣ" ಅಂದ. ಕೋಪ ಇರಲಿಲ್ಲ ಮುಖದಲ್ಲಿ. ಹೊಡೆದರೆ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು, ಮರ ಸಿಗುತ್ತದೆ ಎಂದು ಅವನಿಗೆ ಕಲಿಸಿದವಳು ನಾನೇ ಆಗಿದ್ದೆ.

ಸೆಪ್ಟೆಂಬರಿನಲ್ಲಿ ಬಿಐಇಆರ್‌ಟಿ ಮೇಡಂ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ, ಶಾಲೆಗೆ ಬಂದರು. ಅವರಿಗೆ ಇಡೀ ತಾಲ್ಲೂಕಿನ ಓಡಾಟ. ಹಾಸಿಗೆ ಹಿಡಿದ ಮಕ್ಕಳ ಮನೆಗೂ ಹೋಗಿ ಕಲಿಸಬೇಕು. ನಮಗೆ ಕೊಡಲು ಅವರ ಬಳಿ ಇದ್ದದ್ದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಅವರು ನನಗೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದುಕೊಟ್ಟರು. ಮುಂಚೆ ಏನಾಯ್ತು, ಅವನೇನು ಮಾಡಿದ, ಆಮೇಲೆ ಏನಾಯ್ತು. "ಹತ್ತು ದಿನ ಬರೀರಿ, ಬೈಯೋದು ಹೊಗಳೋದು ಏನೂ ಬೇಡ, ಕಂಡಿದ್ದನ್ನಷ್ಟೇ ಬರೀರಿ" ಅಂದರು. ಎರಡೂವರೆ ವರ್ಷದಲ್ಲಿ ನನಗೆ ಸಿಕ್ಕಿದ ತರಬೇತಿ ಅದೊಂದೇ. ಅಷ್ಟರಿಂದಲೇ ಎಷ್ಟೆಲ್ಲ ಆಯಿತು ಎಂದು ತಿಳಿಸಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಹತ್ತು ದಿನ ಬರೆದು ನೋಡಿದಾಗ ಗಲಾಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಗೆಯ ಹೊತ್ತಿನಲ್ಲಿ ಆಗಿದ್ದವು. ಅವನು ಕಾಯುವ ಹೊತ್ತು. ಕಾರ್ಡು ಮುಗಿಸಿ ಮಿಸ್ ಬರಲೆಂದು ಕೂತಾಗ, ಹಾಲಿಗೆ ನಿಂತಾಗ, ಕೈ ತೊಳೆಯಲು ನಲ್ಲಿ ಮುಂದೆ ನಿಂತಾಗ. ಉಳಿದದ್ದರಲ್ಲಿ ಹೆಚ್ಚಿನವು ಉದ್ದದ ಬರವಣಿಗೆ ಕೊಟ್ಟ ಕೂಡಲೇ. 'ಸುಮ್ಮಸುಮ್ಮನೆ ಹೊಡೀತಾನೆ' ಎಂದು ನಾವೆಲ್ಲ ಹೇಳುತ್ತಿದ್ದೆವಲ್ಲ, ನೋಟ್‌ಬುಕ್ಕಿನಲ್ಲಿ ಸುಮ್ಮಸುಮ್ಮನೆ ಆದದ್ದು ಒಂದೋ ಎರಡೋ.

ಇಲ್ಲಿ ನಲಿ-ಕಲಿಯ ಬಗ್ಗೆ ಒಂದು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರ ನಂತರ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಈ ಪದ್ಧತಿ ಪುಟ್ಟನಂಥ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲು, ತನ್ನದೇ ಕಾರ್ಡು. ಗುಂಪು ಗುರುತಿಸುವ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು, ಹಾಡಬೇಕು, ಗೋಡೆಯುದ್ದಕ್ಕೂ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪು ಹಲಗೆ ಮೇಲೆ ನಿಂತು ಬರೆಯಬಹುದು. ಬೆಂಚಿನ ಮೇಲೆ ಕೈಕಟ್ಟಿ ಕೂರಿಸುವ ಶಾಲೆಯಲ್ಲಿ ಅವನು ಒಂದು ವಾರವೂ ಉಳಿಯುತ್ತಿರಲಿಲ್ಲ. ಆದರೆ ಈ ಪದ್ಧತಿಯಲ್ಲೇ ಒಂದು ಕಾಯುವಿಕೆ ಇದೆ. ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಶಿಕ್ಷಕರ ಪೂರ್ಣ ಸಹಾಯದ ಗುಂಪಿನಲ್ಲಿ ಮಿಸ್ ಕೂತಿದ್ದಾಗ ಉಳಿದ ನಾಲ್ಕು ಗುಂಪುಗಳು ತಮ್ಮಷ್ಟಕ್ಕೆ ತಾವು ನಡೆಯಬೇಕು. ಬೇರೆ ಮಕ್ಕಳಿಗೆ ಐದು ನಿಮಿಷ ಸಲೀಸು. ಪುಟ್ಟನಿಗೆ ಆ ಐದು ನಿಮಿಷ ದಾಟುವುದೇ ದೊಡ್ಡ ಕೆಲಸ.

ಹಾಗಾಗಿ ಕಾಯುವ ಹೊತ್ತಿಗೆ ಕೈಕೆಲಸ ಕೊಟ್ಟೆ. ಹಾಲಿನ ಲೋಟ ಎಣಿಸಿ ಜೋಡಿಸುವುದು ಅವನದು. ನೀರಿನ ಬಿಂದಿಗೆಗೆ ಮುಚ್ಚಳ ಹಾಕುವುದು, ಹವಾಮಾನ ನಕ್ಷೆಯಲ್ಲಿ ಮೋಡವೋ ಬಿಸಿಲೋ ಗುರುತು ಮಾಡುವುದು ಅವನದು. ಉದ್ದದ ಕಾರ್ಡನ್ನು ರಟ್ಟಿನಿಂದ ಮುಚ್ಚಿ ಒಂದೊಂದೇ ಸಾಲು ತೋರಿಸಿದೆ. ಒಂದು ಸಾಲು ಬರೆದರೆ ಎದ್ದು ಕಿಟಕಿವರೆಗೆ ಹೋಗಿ ಬರಬಹುದು. ಕುರ್ಚಿಯ ಮುಂದಿನ ಎರಡು ಕಾಲಿಗೆ ಹಳೇ ಸೈಕಲ್ ಟ್ಯೂಬು ಬಿಗಿದು ಕಟ್ಟಿದೆ. ಅದನ್ನು ಕಾಲಲ್ಲಿ ಒತ್ತುತ್ತಾ ಎಳೆಯುತ್ತಾ ಕೂತರೆ ಕೈ ಸುಮ್ಮನಿರುತ್ತಿತ್ತು. ಕೋಣೆಯ ಆ ತುದಿಯಿಂದ "ಏಯ್, ಕೂತ್ಕೋ" ಅನ್ನುವುದನ್ನು ಬಿಟ್ಟೆ. ಹತ್ತಿರ ಹೋಗಿ, ಅವನ ಎತ್ತರಕ್ಕೆ ಕೂತು, ಒಂದೇ ಮಾತು. "ಪುಸ್ತಕ ತೆಗಿ." ಅದಾದ ಮೇಲೆ ಮುಂದಿನದು. ಪುಸ್ತಕ ತೆಗೆದು, ಹನ್ನೆರಡನೇ ಪುಟ ಬಿಡಿಸಿ, ದಿನಾಂಕ ಹಾಕಿ ಎಂದು ಒಟ್ಟಿಗೆ ಹೇಳಿದರೆ ಅವನ ಕಿವಿಯಲ್ಲಿ ಉಳಿಯುವುದು ಕೊನೆಯದೊಂದೇ.

ಆಮೇಲೆ ಹುಣಸೆ ಬೀಜ. ಶನಿವಾರ ಒಳ್ಳೆಯ ಹುಡುಗರಿಗೆ ಬಿಸ್ಕತ್ತು ಎಂದು ಮಿಸ್ ಹೇಳುತ್ತಿದ್ದರು. ಸೋಮವಾರ ಕೂತಿರುವ ಪುಟ್ಟನಿಗೆ ಶನಿವಾರ ಎಂದರೆ ಮುಂದಿನ ವರ್ಷದ ಜಾತ್ರೆ ಇದ್ದ ಹಾಗೆ. ಕೈ ಎತ್ತಿ ಕಾದರೆ ಆ ಕ್ಷಣವೇ ಡಬ್ಬಿಗೆ ಒಂದು ಬೀಜ. ಕಾರ್ಡು ಹರಿಯದೆ ವಾಪಸ್ ಇಟ್ಟರೆ ಒಂದು. ಐದು ಬೀಜ ಆದರೆ ಮಧ್ಯಾಹ್ನ ಊಟದ ಗಂಟೆ ಅವನೇ ಬಾರಿಸಬಹುದು. ಬೀಜ ಹಾಕುವಾಗ 'ಜಾಣ' ಅನ್ನುವುದಿಲ್ಲ, "ಮಿಸ್ ಬರೋವರೆಗೂ ಕಾದೆ, ನೋಡ್ದೆ" ಅನ್ನುತ್ತೇನೆ. ಯಾವುದಕ್ಕೆ ಸಿಕ್ಕಿತು ಎಂದು ಅವನಿಗೆ ತಿಳಿಯಬೇಕು. ಕೊಟ್ಟ ಬೀಜವನ್ನು ಎಂದೂ ಕಿತ್ತುಕೊಳ್ಳುವುದಿಲ್ಲ. ಆ ಡಬ್ಬಿ ಎರಡು ತಿಂಗಳಲ್ಲಿ ಇಡೀ ಕೋಣೆಗೆ ಬೇಕಾಯಿತು, ಎಲ್ಲರೂ ಮನೆಯಿಂದ ಬೀಜ ತಂದರು.

ಮರಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ, ಹೋಗುವ ದಾರಿ ಬದಲಿಸಿದೆ. ಹಸಿರು ರಟ್ಟಿನ ಒಂದು ಚೀಟಿ ಕೊಟ್ಟೆ. ತಲೆ ಕೆಡುವ ಮುಂಚೆಯೇ ಅದನ್ನು ನನಗೆ ತೋರಿಸಿದರೆ ಮರದವರೆಗೆ ಹೋಗಿ ಬರಬಹುದು, ಹೊಡೆದರೆ ಇಲ್ಲ. ಹೀಗೆ ಮಾಡಿದ ಮೊದಲ ವಾರ ಎಲ್ಲವೂ ಕೆಟ್ಟಿತು. ಹೊಡೆದರೂ ಮರ ಸಿಗದಾಗ ಅವನು ಇನ್ನೂ ಜೋರಾಗಿ ಹೊಡೆದ. ಗುರುವಾರ ಅವನೆಸೆದ ಸ್ಲೇಟಿನ ಮೂಲೆ ಎರಡನೇ ತರಗತಿಯ ಒಂದು ಹುಡುಗಿಯ ಹಣೆಗೆ ತಾಗಿ ರಕ್ತ ಬಂತು.

ಆ ಹುಡುಗಿಯ ತಾಯಿ ಮಾರನೆಯ ದಿನ ಶಾಲೆಗೆ ಬಂದರು. "ನಮ್ ಮಗೂನೂ ಮಗೂನೇ ಅಲ್ವೇನಮ್ಮಾ?" ಎಂದು ಕೇಳಿದರು. ಅವರ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವರು ಕೇಳಿದ್ದು ನ್ಯಾಯ. ಪುಟ್ಟನ ಪರವಾಗಿ ಮಾತಾಡುವವರು ಆ ಹಣೆಯನ್ನು ಮರೆತು ಮಾತಾಡಬಾರದು. ಅಂದಿನಿಂದ ಕಲ್ಲಿನ ಸ್ಲೇಟು ತೆಗೆಸಿ ರಟ್ಟಿನದು ತರಿಸಿದೆವು, ನಾನು ಅವನ ಮತ್ತು ಉಳಿದವರ ನಡುವೆ ಕೂರತೊಡಗಿದೆ. ಆ ಜಾಗದಲ್ಲಿ ಕೂರಲು ಒಬ್ಬರು ಇದ್ದದ್ದರಿಂದಲೇ ಅವನನ್ನು ಮನೆಗೆ ಕಳಿಸುವ ಮಾತು ಅಲ್ಲಿಗೆ ನಿಂತಿತು. ಮೂರನೇ ವಾರಕ್ಕೆ ಮೊದಲ ಸಲ ಹಸಿರು ಚೀಟಿ ನನ್ನ ಮಡಿಲಿಗೆ ಬಂತು. ಹಲ್ಲು ಕಚ್ಚಿಕೊಂಡು, ಕೈ ಮುಷ್ಟಿ ಹಿಡಿದುಕೊಂಡೇ ತಂದುಕೊಟ್ಟ. ಹೊಡೆದಿರಲಿಲ್ಲ.

ಊರಿನಲ್ಲಿ ಬಹಳ ಜನ ಹೇಳಿದ್ದು ಒಂದೇ, "ನಾಲ್ಕು ಬಿಡಿ ಮೇಡಂ, ಸರಿ ಹೋಗ್ತಾನೆ." 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಒಳ್ಳೆಯದೇ ಆಯಿತು. ಆದರೆ ಶಿಕ್ಷಕರ ಕೈಯಿಂದ ಬೆತ್ತ ತೆಗೆದುಕೊಂಡ ಮೇಲೆ ಆ ಕೈಗೆ ಬೇರೇನನ್ನು ಕೊಟ್ಟೆವು? ಪುಟ್ಟನಿಗೆ ಮನೆಯಲ್ಲಿ ಬಿದ್ದ ಏಟು ಕಡಿಮೆಯಲ್ಲ. ಏಟು ಅವನಿಗೆ ಕಾಯುವುದನ್ನು ಕಲಿಸಲಿಲ್ಲ. ನಿಂತು ಯೋಚಿಸಿ ಕೈ ತಡೆಯುವ ಕೆಲಸ ಮಿದುಳಿನ ಮುಂಭಾಗದ್ದು, ಇಂಥ ಮಕ್ಕಳಲ್ಲಿ ಅದು ಮಾಗುವುದು ತಡ ಎಂದು ವೈದ್ಯರು ಆಮೇಲೆ ವಿವರಿಸಿದರು. ಕುಂಟುವ ಮಗುವನ್ನು ಹೊಡೆದು ಓಡಿಸುವುದಿಲ್ಲವಲ್ಲ. ಗಮನವೇ ಇಲ್ಲ ಎನ್ನುವುದೂ ಸರಿಯಲ್ಲ. ಹೊಂಗೆ ಮರದಲ್ಲಿ ಕಾಗೆ ಗೂಡು ಕಟ್ಟುವುದನ್ನು ಅವನು ಅರ್ಧ ಗಂಟೆ ಅಲುಗಾಡದೆ ನೋಡಿದ್ದಾನೆ. ಬೇಕೆಂದ ಕಡೆ, ಬೇಕೆಂದ ಹೊತ್ತಿಗೆ ಗಮನವನ್ನು ತಿರುಗಿಸಲು ಅವನಿಗೆ ಆಗುವುದಿಲ್ಲ.

ಅವನ ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಬೆಳಿಗ್ಗೆ ಆರೂವರೆಗೆ ಬಸ್ಸು. ನೋಡಿಕೊಳ್ಳುವವರು ಅಜ್ಜಿ. "ಇವರಪ್ಪನೂ ಹಿಂಗೇ ಇದ್ದ ಕಣಮ್ಮ. ಸುಸ್ತಾಗ್ಲಿ ಅಂತ ದಿನಾ ತೋಟದಲ್ಲಿ ಮಟ್ಟೆ ಹೊರುಸ್ತಿದ್ದೆ" ಎಂದರು ಆ ಅಜ್ಜಿ. ಈ ತೊಂದರೆ ವಂಶದಲ್ಲಿ ಹರಿಯುವುದು ಹೆಚ್ಚು ಎಂದು ವೈದ್ಯರು ಹೇಳುವುದನ್ನು ಅಜ್ಜಿ ತನ್ನ ಅನುಭವದಿಂದ ಹೇಳಿದ್ದರು. ಓಡಾಡುವ ಮಗುವಿಗೆ ಭಾರ ಹೊರುವ ಕೆಲಸ ಹಿತ ಎಂಬುದನ್ನೂ ಅವರಿಂದಲೇ ಕಲಿತೆ. ಚಾಪೆಗಳ ಸುರುಳಿ ಹೊತ್ತು ತರುವುದು ಈಗ ಪುಟ್ಟನ ಕೆಲಸ.

ಇನ್ನು ಪಟ್ಟಿಗಳ ವಿಷಯಕ್ಕೆ ಬರುತ್ತೇನೆ, ತಮ್ಮ ಕೈಲಿರುವುದು ಅದೇ.

ಶಾಲೆಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಪುಟ್ಟನನ್ನು ನೋಡಿ ಚೀಟಿ ಬರೆದುಕೊಟ್ಟಿತು. 2013ರಲ್ಲಿ ಶುರುವಾದ ಆ ಕಾರ್ಯಕ್ರಮ ಮಕ್ಕಳಲ್ಲಿ ಗುರುತಿಸಬೇಕಾದ ತೊಂದರೆಗಳಲ್ಲಿ ಎಡಿಎಚ್‌ಡಿಯೂ ಒಂದು. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ. ಮನೆ, ಶಾಲೆ ಎರಡೂ ಕಡೆ ಹೇಗಿರುತ್ತಾನೆ ಎಂದು ಕೇಳಿದರು. ನನ್ನ ನೋಟ್‌ಬುಕ್ಕನ್ನು ತಾಯಿ ತೆಗೆದುಕೊಂಡು ಹೋಗಿದ್ದರು, ವೈದ್ಯರು ಅದನ್ನು ಪೂರ್ತಿ ಓದಿದರಂತೆ. ಎಡಿಎಚ್‌ಡಿ ಎಂದು ಬರೆದುಕೊಟ್ಟರು. ಹೋಗಿ ಬಂದ ಪ್ರತಿ ದಿನವೂ ತಾಯಿಗೆ ಸಂಬಳ ಕಡಿತ. ಮಾತ್ರೆ ಯಾವಾಗ, ಎಷ್ಟು ಎಂಬುದು ವೈದ್ಯರಿಗೂ ಮನೆಯವರಿಗೂ ಬಿಟ್ಟದ್ದು. ನಾನು ಮಾಡಿದ್ದು ಇಷ್ಟೇ, ಎಲ್ಲರೆದುರು "ಮಾತ್ರೆ ತಗೊಂಡ್ಯಾ?" ಎಂದು ಅವನನ್ನು ಯಾರೂ ಕೇಳದಂತೆ ನೋಡಿಕೊಂಡೆ.

ಆ ಕಾಗದ ಹಿಡಿದು ವಾಪಸ್ ಬಂದರೆ ಶಾಲೆಯ ಲೆಕ್ಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಎಂಬ ಹೆಸರಿಲ್ಲ. ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಇರುವ ಮಗು ಶಾಲೆಯ ಪಟ್ಟಿಗೆ ಬರುವಷ್ಟರಲ್ಲಿ ಕಾಣೆಯಾಗುತ್ತದೆ. ಇಲಾಖೆ ವಿದ್ಯಾರ್ಥಿಗಳ ವಿವರ ಇಡುವ ಎಸ್‌ಎಟಿಎಸ್‌ನಲ್ಲಿ ಪುಟ್ಟನ ಹೆಸರಿನ ಮುಂದೆ ಅಂಗವೈಕಲ್ಯ 'ಇಲ್ಲ' ಎಂದೇ ಇದೆ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಎಣಿಕೆಗೇ ಸಿಗದ ಮಗು ಆ ಹತ್ತರಲ್ಲಿ ಹೇಗೆ ಸೇರಬೇಕು? ಜಗತ್ತಿನಲ್ಲಿ ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳಿಗೆ ಈ ತೊಂದರೆ ಇರುತ್ತದೆಂದು ತಜ್ಞರು ಹೇಳುತ್ತಾರೆ. ಅಂದರೆ ಮೂವತ್ತು ಮಕ್ಕಳ ಕೋಣೆಯೊಂದರಲ್ಲಿ ಒಬ್ಬರೋ ಇಬ್ಬರೋ.

ಓಡುವ ಮಗುವನ್ನೆಲ್ಲ ಪಟ್ಟಿಗೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಒಂದೇ ತರಗತಿಯಲ್ಲಿ ವಯಸ್ಸಿನಲ್ಲಿ ಕಿರಿಯರಾದ ಮಕ್ಕಳಿಗೆ ಈ ಹೆಸರು ಅಂಟಿಸುವುದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಐದೂವರೆಯ ಮಗು ಆರೂವರೆಯ ಮಗುವಿನ ಹಾಗೆ ಕೂರುವುದಿಲ್ಲ, ಅದು ಕಾಯಿಲೆಯಲ್ಲ. ಹೆಸರಿಡುವ ಕೆಲಸ ವೈದ್ಯರದೇ ಇರಲಿ. ಆದರೆ ಹೆಸರಿಗೆ ಕಾಯದೆ ಸಹಾಯ ಬರಬೇಕು. ಹುಣಸೆ ಬೀಜಕ್ಕೂ ಹಸಿರು ಚೀಟಿಗೂ ಪ್ರಮಾಣಪತ್ರ ಬೇಕಿಲ್ಲ, ಅವುಗಳಿಂದ ಯಾವ ಮಗುವಿಗೂ ಕೇಡಿಲ್ಲ.

ಹಾಗಾದರೆ ನಾನು ಕೇಳುವುದೇನು? ಇಂಥ ಮಗು ಇರುವ ನಲಿ-ಕಲಿ ಕೋಣೆಗೆ ಇನ್ನೊಬ್ಬರನ್ನು ಕೊಡಿ. ಅದಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ಕೇಳಬೇಡಿ, ಬಾಲ ಸ್ವಾಸ್ಥ್ಯ ತಂಡದ ಚೀಟಿಯೋ ಶಿಕ್ಷಕಿ ಮತ್ತು ಬಿಐಇಆರ್‌ಟಿ ಸೇರಿ ಬರೆದ ವರದಿಯೋ ಸಾಕೆಂದು ಆದೇಶ ಮಾಡಿ. ಆ ಇನ್ನೊಬ್ಬರು ಕೋಣೆಗೆ ಸೇರಿದವರಾಗಿರಲಿ, ಮಗುವಿನ ಕಾವಲುಗಾರರಾಗುವುದು ಬೇಡ. ನಾನು ಮೊದಲ ವರ್ಷ ಪುಟ್ಟನ ಪಕ್ಕದಲ್ಲೇ ಕೂತಿರುತ್ತಿದ್ದೆ. ಎರಡನೇ ವರ್ಷ ಅವನ ಹಿಂದೆ, ಒಂದು ಮಾರು ದೂರ. ಈಗ ಕೋಣೆಯ ಇನ್ನೊಂದು ಮೂಲೆಯಲ್ಲಿ ಓದಲು ತಡವರಿಸುವ ಮೂವರನ್ನು ಕೂರಿಸಿಕೊಂಡಿರುತ್ತೇನೆ, ಕಣ್ಣು ಮಾತ್ರ ಅವನ ಮೇಲೆ. ಹೀಗೆ ದೂರ ಸರಿಯುತ್ತಾ ಹೋಗುವುದೇ ಈ ಕೆಲಸ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೇಸಿಗೆ ರಜೆಯಲ್ಲಿ ಒಂದು ವಾರದ ತರಬೇತಿ ಕೊಟ್ಟಿದ್ದರೆ ನಾನು ಮರದ ಕೆಳಗೆ ಕಳೆದ ಎರಡು ತಿಂಗಳು ಉಳಿಯುತ್ತಿತ್ತು, ಬಹುಶಃ ಆ ಹುಡುಗಿಯ ಹಣೆಯೂ ಉಳಿಯುತ್ತಿತ್ತು. ಬಿಐಇಆರ್‌ಟಿಯವರ ಸಂಖ್ಯೆ ಹೆಚ್ಚಿಸಿ, ಹದಿನೈದು ದಿನಕ್ಕೊಮ್ಮೆಯಾದರೂ ಅವರು ಬಂದು ನೋಟ್‌ಬುಕ್ಕು ನೋಡುವಂತಾಗಲಿ. ತಿಂಗಳ ಗೌರವಧನವನ್ನು ಇಲಾಖೆಯೇ ಕೊಡಲಿ. ನಗರದ ಖಾಸಗಿ ಶಾಲೆಗಳಲ್ಲಿ ಈ ಕೆಲಸದವರನ್ನು ಶ್ಯಾಡೋ ಟೀಚರ್ ಅನ್ನುತ್ತಾರೆ, ಸಂಬಳವನ್ನು ಸಾಮಾನ್ಯವಾಗಿ ತಂದೆತಾಯಿಯೇ ಕೊಡಬೇಕು. ಗಾರ್ಮೆಂಟ್ಸ್ ತಾಯಿ ಎಲ್ಲಿಂದ ತಂದಾರು?

ಪುಟ್ಟ ಈಗಲೂ ನೂಕುತ್ತಾನೆ. ವಾರಕ್ಕೊಂದು ದಿನ ಎಲ್ಲವೂ ಹಳೆಯ ಹಾಗೇ ಆಗುತ್ತದೆ. ಕಾಗುಣಿತ ಇನ್ನೂ ತಪ್ಪುತ್ತದೆ. ಕೂಡುವ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತದೆ, ಬಾಯಲ್ಲೇ ಮಾಡುತ್ತಾನೆ. ಹಣೆಗೆ ಪೆಟ್ಟಾದ ಹುಡುಗಿ ಈಗ ನಾಲ್ಕನೇ ತರಗತಿ. ಊಟದ ಗಂಟೆ ಬಾರಿಸುವ ಸರದಿ ಅವನದಾದ ದಿನ ಅವಳೂ ಜೊತೆಗೆ ಹೋಗುತ್ತಾಳೆ, ಗಂಟೆ ಎತ್ತರದಲ್ಲಿದೆ, ಅವಳು ಸ್ಟೂಲು ಹಿಡಿದುಕೊಳ್ಳುತ್ತಾಳೆ.

ಬರುವ ಜೂನ್‌ಗೆ ಅವನೂ ನಾಲ್ಕನೇ ತರಗತಿಗೆ ಹೋಗುತ್ತಾನೆ. ಅಲ್ಲಿ ತಟ್ಟೆಗಳಿಲ್ಲ, ಗೋಡೆಯ ಕಪ್ಪು ಹಲಗೆ ಇಲ್ಲ. ಬೆಂಚು, ಪಿರಿಯಡ್ಡು, ವಿಷಯಕ್ಕೊಬ್ಬರು ಶಿಕ್ಷಕರು. ಹಳೇ ವಿದ್ಯಾರ್ಥಿಗಳು ಕೊಡುತ್ತಿದ್ದ ಹಣ ಮಾರ್ಚ್‌ಗೆ ಮುಗಿಯುತ್ತದೆ ಎಂದು ಎಸ್‌ಡಿಎಂಸಿಯವರು ಹೇಳಿದ್ದಾರೆ, ಅದರೊಂದಿಗೆ ನನ್ನ ಕೆಲಸವೂ. ಅವನ ಬಗ್ಗೆ ಎರಡು ಪುಟ ಬರೆದಿಟ್ಟಿದ್ದೇನೆ. ಯಾವ ಹೊತ್ತು ಕಷ್ಟ, ಒಂದು ಸಲಕ್ಕೆ ಎಷ್ಟು ಸಾಲು ಕೊಡಬೇಕು, ತಲೆ ಕೆಡುವ ಮುಂಚೆ ಬಲಗಿವಿ ಎಳೆದುಕೊಳ್ಳುತ್ತಾನೆ, ಆಗ ಹತ್ತಿರ ಹೋಗಬೇಕು, ಹೆಗಲು ಮುಟ್ಟಬಾರದು, ಕೆಲಸ ಕೊಡಬೇಕು. ಸೈಕಲ್ ಟ್ಯೂಬು, ಬೀಜದ ಡಬ್ಬಿ, ಹಸಿರು ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಟ್ಟಿದ್ದೇನೆ. ಮಾರ್ಚ್ ಮುಗಿಯುವುದರೊಳಗೆ ಅದನ್ನು ಯಾರ ಕೈಗೆ ಕೊಡಬೇಕು ಎಂದು ತಾವು ತಿಳಿಸಬೇಕು.

ಇಂತಿ,
ನಲಿ-ಕಲಿ ಕೋಣೆಯ ಸಹಾಯಕಿ
ತುಮಕೂರು ಜಿಲ್ಲೆ